ಮನೆಯ ನಾಯಿ, ಮನೆಯ ಮಗು

ಐದು ವರ್ಷದೊಳಗಿನ ಮಕ್ಕಳಿಗೆ ನಾಯಿ ಕಚ್ಚುವ ಘಟನೆಗಳು ಬಹುಪಾಲು ಮನೆಯೊಳಗೆ ಅಥವಾ ಮನೆಯಂಗಳದಲ್ಲಿ, ಮಗುವಿಗೆ ಚೆನ್ನಾಗಿ ಪರಿಚಯವಿರುವ ನಾಯಿಯಿಂದಲೇ ನಡೆಯುತ್ತವೆ ಎಂಬುದು ಅಮೆರಿಕ ಮತ್ತು ಯುರೋಪಿನ ದೇಶಗಳ ಅಧ್ಯಯನಗಳಿಂದ ಮತ್ತೆ ಮತ್ತೆ ತಿಳಿದುಬಂದಿದೆ. ಭಾರತದಲ್ಲಿ ಬೀದಿನಾಯಿಗಳ ಹಾವಳಿ ದೊಡ್ಡದಾಗಿರುವುದರಿಂದ ನಾಯಿ ಕಡಿತದ ಮಾತು ಬಂದಾಗಲೆಲ್ಲ ಗಮನ ಬೀದಿಯ ಕಡೆಗೇ ಹರಿಯುತ್ತದೆ. ಸಾಕಿದ ನಾಯಿಯ ಮೇಲೆ ಅನುಮಾನ ಪಡುವುದು ಅದರ ನಿಷ್ಠೆಗೆ ಮಾಡುವ ಅವಮಾನ ಎಂದೇ ಹಲವರು ಭಾವಿಸುತ್ತಾರೆ. ಈ ನಂಬಿಕೆಯಿಂದ ದೊಡ್ಡವರ ಕಣ್ಣು ತಪ್ಪುತ್ತದೆ. ಕಣ್ಣು ತಪ್ಪಿದ ಹೊತ್ತಿನಲ್ಲೇ ಅನಾಹುತವಾಗುತ್ತದೆ. ಮಗು ಮತ್ತು ನಾಯಿ ಒಂದೇ ಸೂರಿನಡಿ ಸುರಕ್ಷಿತವಾಗಿ ಬೆಳೆಯಬಲ್ಲವು. ಆದರೆ ನಾಯಿ ಒಳ್ಳೆಯದೆಂಬ ಮಾತ್ರಕ್ಕೆ ಆ ಸುರಕ್ಷತೆ ತಾನಾಗಿ ಬರುವುದಿಲ್ಲ, ಮನೆಯ ಹಿರಿಯರು ದಿನವೂ ಅದಕ್ಕಾಗಿ ಎಚ್ಚರ ವಹಿಸಬೇಕು.

ಚಿಕ್ಕ ಮಕ್ಕಳಿಗೇ ಏಕೆ ಹೆಚ್ಚು ಅಪಾಯ?

ನಾಯಿ ಕಡಿತಕ್ಕೆ ಒಳಗಾಗುವವರಲ್ಲಿ ಮಕ್ಕಳ ಪಾಲು ಅತಿ ದೊಡ್ಡದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಡಿತದ ಸಂಖ್ಯೆ ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಹೆಚ್ಚಾದರೂ ಗಾಯದ ತೀವ್ರತೆ ಪುಟ್ಟ ಮಕ್ಕಳಲ್ಲೇ ಜಾಸ್ತಿ. ದೊಡ್ಡವರಿಗೆ ನಾಯಿ ಕಚ್ಚುವುದು ಸಾಮಾನ್ಯವಾಗಿ ಕಾಲಿಗೆ ಇಲ್ಲವೇ ಕೈಗೆ. ಎರಡು ಮೂರು ವರ್ಷದ ಮಗುವಿನ ಮುಖ ಮಧ್ಯಮ ಗಾತ್ರದ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಮಗು ನೆಲದ ಮೇಲೆ ಕುಳಿತು ಆಡುತ್ತದೆ, ನೆಲದ ಮೇಲೆ ಕುಳಿತೇ ಉಣ್ಣುತ್ತದೆ, ಕುತೂಹಲ ಹುಟ್ಟಿದರೆ ಮುಖವನ್ನೇ ಮುಂದೆ ಒಡ್ಡುತ್ತದೆ. ಹೀಗಾಗಿ ತುಟಿ, ಕೆನ್ನೆ, ಕಣ್ಣಿನ ಸುತ್ತಲಿನ ಭಾಗ, ಕತ್ತು ಗಾಯಗೊಳ್ಳುತ್ತವೆ. ಹಸುಗೂಸಿನ ತಲೆಬುರುಡೆ ತೆಳುವಾಗಿರುವುದರಿಂದ ನಾಯಿಯ ಹಲ್ಲು ಮೂಳೆಯನ್ನೂ ದಾಟಿ ಇಳಿಯಬಲ್ಲದು. ದೇಹದಲ್ಲಿರುವ ರಕ್ತದ ಪ್ರಮಾಣವೇ ಕಡಿಮೆ ಇರುವ ಕೂಸಿಗೆ ರಕ್ತಸ್ರಾವವೂ ಬೇಗ ಅಪಾಯ ತರುತ್ತದೆ. ಮುಖದ ಗಾಯ ಮಾಗಿದ ಮೇಲೂ ಕಲೆ ಉಳಿಯಬಹುದು. ನಿದ್ದೆಯಲ್ಲಿ ಬೆಚ್ಚಿಬೀಳುವುದು, ನಾಯಿಯ ದನಿ ಕೇಳಿದರೆ ನಡುಗುವುದು ತಿಂಗಳುಗಟ್ಟಲೆ ಮುಂದುವರಿಯಬಹುದು.

ಇನ್ನೊಂದು ಕಾರಣ ಮಗುವಿನ ತಿಳಿವಳಿಕೆಯ ಮಿತಿ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳಿಗೆ ನಾಯಿಗಳ ಚಿತ್ರ, ವಿಡಿಯೊ ತೋರಿಸಿ ಅವುಗಳ ಭಾವ ಏನೆಂದು ಕೇಳಿದರು. ಹಲ್ಲು ತೋರಿಸಿ ಗುರುಗುಟ್ಟುವ ನಾಯಿಯನ್ನು ಪುಟ್ಟ ಮಕ್ಕಳಲ್ಲಿ ಅನೇಕರು ‘ನಗುತ್ತಿದೆ’ ಎಂದೇ ತಿಳಿದರು. ಮನುಷ್ಯರ ಮುಖದಲ್ಲಿ ಹಲ್ಲು ಕಂಡರೆ ಅದು ನಗು ಎಂದು ಕಲಿತಿರುವ ಮಗು ಅದೇ ಪಾಠವನ್ನು ನಾಯಿಗೂ ಅನ್ವಯಿಸುತ್ತದೆ. ದೂರ ಸರಿಯಬೇಕಾದ ಹೊತ್ತಿನಲ್ಲಿ ಹತ್ತಿರ ಹೋಗುತ್ತದೆ. ಅಪಾಯವನ್ನು ಅರಿತು ತನ್ನನ್ನು ಕಾಪಾಡಿಕೊಳ್ಳುವ ಹೊಣೆಯನ್ನು ಈ ವಯಸ್ಸಿನ ಮಗುವಿನ ಮೇಲೆ ಹೊರಿಸಲು ಸಾಧ್ಯವೇ ಇಲ್ಲ.

ನಾಯಿ ಕಚ್ಚುವ ಸಂದರ್ಭಗಳು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯಕೀಯ ತಜ್ಞರು ಮಕ್ಕಳನ್ನು ಕಚ್ಚಿದ 103 ನಾಯಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ತೆರೆಸುವಂಥದ್ದು. ಪರಿಚಯದ ಮಕ್ಕಳಿಗೆ ಆದ ಕಡಿತದಲ್ಲಿ ಶೇ 42ರಷ್ಟು ಆಹಾರವನ್ನು ಕಾಯ್ದುಕೊಳ್ಳುವ ಸಂದರ್ಭದಲ್ಲಿ ಆಗಿದ್ದವು. ಅಪರಿಚಿತ ಮಕ್ಕಳಿಗೆ ಆದ ಕಡಿತದಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮನೆ, ಅಂಗಳ ಕಾಯುವ ಸ್ವಭಾವದಿಂದ ಆದವು. ಪರಿಶೀಲಿಸಿದ ನಾಯಿಗಳಲ್ಲಿ ಅರ್ಧದಷ್ಟಕ್ಕೆ ನೋವು ಅಥವಾ ಕಾಯಿಲೆ ಇತ್ತು, ಇಲ್ಲವೇ ಇರುವ ಶಂಕೆಯಿತ್ತು. ಮುಕ್ಕಾಲು ಪಾಲು ನಾಯಿಗಳಲ್ಲಿ ಆತಂಕದ ಲಕ್ಷಣಗಳು ಕಂಡವು. ಹಿಂದಿನ ಇತಿಹಾಸ ತಿಳಿದಿದ್ದ ನಾಯಿಗಳಲ್ಲಿ ಶೇ 66ರಷ್ಟು ಅದುವರೆಗೆ ಯಾವ ಮಗುವನ್ನೂ ಕಚ್ಚಿರಲಿಲ್ಲ. ತರಬೇತಿ ಪಡೆದ ನಾಯಿಗಳೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದ ನಾಯಿಗಳೂ ಅವುಗಳಲ್ಲಿ ಸಾಕಷ್ಟಿದ್ದವು. ‘ನಮ್ಮ ನಾಯಿ ಇದುವರೆಗೆ ಯಾರಿಗೂ ಏನೂ ಮಾಡಿಲ್ಲ’ ಎಂಬ ಭರವಸೆಯ ಮಾತು ಮುಂದಿನ ದಿನಕ್ಕೆ ಜಾಮೀನು ಆಗಲಾರದು.

ಕಡಿತದ ಸಂದರ್ಭಗಳು ಹಲವು ಮನೆಗಳಲ್ಲಿ ಒಂದೇ ಬಗೆಯವು. ನಾಯಿ ತಿನ್ನುತ್ತಿರುವಾಗ ಮಗು ತಟ್ಟೆಗೆ ಕೈ ಹಾಕುತ್ತದೆ. ಕಚ್ಚಿ ಆಡುತ್ತಿರುವ ಮೂಳೆಯನ್ನೋ ಚೆಂಡನ್ನೋ ಎಳೆಯುತ್ತದೆ. ಮಲಗಿದ ನಾಯಿಯ ಮೇಲೆ ಬೀಳುತ್ತದೆ, ಬಾಲ ಎಳೆಯುತ್ತದೆ, ಕಿವಿ ಹಿಡಿಯುತ್ತದೆ, ಬೆನ್ನೇರಲು ನೋಡುತ್ತದೆ. ಮಂಚದಡಿ, ಮೂಲೆಯಲ್ಲಿ ಅಡಗಿ ಕುಳಿತ ನಾಯಿಯ ಬಳಿಗೆ ತೆವಳಿಕೊಂಡು ಹೋಗುತ್ತದೆ. ಕುತ್ತಿಗೆಗೆ ಕೈ ಬಳಸಿ ಅಪ್ಪಿಕೊಳ್ಳುತ್ತದೆ. ಅಪ್ಪುಗೆ ಮನುಷ್ಯರಿಗೆ ಪ್ರೀತಿ; ಹೆಚ್ಚಿನ ನಾಯಿಗಳಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಹಣ್ಣು ಹಣ್ಣಾದ ನಾಯಿಗೆ ಕೀಲುನೋವು ಇರುತ್ತದೆ, ಕಣ್ಣು ಮಂಜಾಗಿ ಕಿವಿ ಕೇಳದಾಗಿರುತ್ತದೆ. ಅಂಥ ನಾಯಿಯನ್ನು ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತದೆ. ಮರಿ ಹಾಕಿದ ಹೆಣ್ಣುನಾಯಿ ಮನೆಯವರನ್ನೂ ಹತ್ತಿರ ಸೇರಿಸದಿರಬಹುದು. ದೀಪಾವಳಿಯ ಪಟಾಕಿಯ ಸದ್ದಿಗೆ ಹೆದರಿ ಮುದುಡಿದ ನಾಯಿ, ಬೇಸಿಗೆ ರಜೆಗೆ ಬಂದ ಮಕ್ಕಳ ಗದ್ದಲದಿಂದ ದಣಿದ ನಾಯಿ, ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿಸಿಕೊಂಡು ಸಿಟ್ಟಿನಲ್ಲಿರುವ ನಾಯಿ, ಇವೆಲ್ಲ ಎಂದಿಗಿಂತ ಬೇಗ ಸಹನೆ ಕಳೆದುಕೊಳ್ಳುತ್ತವೆ.

ಕಚ್ಚುವ ಮುನ್ನ ಕೊಡುವ ಸೂಚನೆಗಳು

ನಾಯಿ ಇದ್ದಕ್ಕಿದ್ದಂತೆ ಕಚ್ಚಿತು ಎಂಬ ಮಾತು ಸಾಮಾನ್ಯ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನಾಯಿ ಅದಕ್ಕೂ ಮೊದಲೇ ಹಲವು ಬಾರಿ ತನ್ನ ಇರುಸುಮುರುಸನ್ನು ತೋರಿಸಿರುತ್ತದೆ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಈ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳ ರೂಪದಲ್ಲಿ ಜೋಡಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ನಾಯಿ ಆಕಳಿಸುತ್ತದೆ, ಕಣ್ಣು ಮಿಟುಕಿಸುತ್ತದೆ, ತನ್ನ ಮೂಗನ್ನು ತಾನೇ ನೆಕ್ಕಿಕೊಳ್ಳುತ್ತದೆ. ಆಮೇಲೆ ತಲೆ ಹೊರಳಿಸುತ್ತದೆ, ಮೈ ತಿರುಗಿಸುತ್ತದೆ, ಎದ್ದು ಬೇರೆಡೆ ಹೋಗುತ್ತದೆ. ಅಷ್ಟಕ್ಕೂ ಬಿಡದೆ ಕಾಡಿದರೆ ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಕಾಲುಗಳ ನಡುವೆ ಸೇರಿಸಿ ಮುದುರಿಕೊಳ್ಳುತ್ತದೆ. ಮುಂದಿನ ಹಂತದಲ್ಲಿ ಮೈ ಸೆಟೆಯುತ್ತದೆ, ನೋಟ ನೆಟ್ಟಗಾಗುತ್ತದೆ. ಬಳಿಕ ಗುರುಗುಟ್ಟುತ್ತದೆ, ಗಾಳಿಯಲ್ಲಿ ಬಾಯಿ ಹಾಕುತ್ತದೆ, ಕೊನೆಗೆ ಕಚ್ಚುತ್ತದೆ. ಎಲ್ಲ ನಾಯಿಗಳೂ ಎಲ್ಲ ಮೆಟ್ಟಿಲನ್ನೂ ಹತ್ತುವುದಿಲ್ಲ. ಕೆಳಗಿನ ಸೂಚನೆಗಳಿಗೆ ಯಾರೂ ಬೆಲೆ ಕೊಡುವುದಿಲ್ಲವೆಂದು ಅನುಭವದಿಂದ ಕಲಿತ ನಾಯಿ ನೇರವಾಗಿ ಮೇಲಿನ ಹಂತಕ್ಕೇ ಹೋಗಬಹುದು.

ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಖುಷಿಯಲ್ಲಿದೆ ಎನ್ನಲಾಗದು. ಮೈಯೆಲ್ಲ ಸಡಿಲವಾಗಿ ಬಳುಕುತ್ತ ಬಾಲ ಆಡಿದರೆ ಅದು ಸಂತೋಷ. ಮೈ ಸೆಟೆದು, ಎತ್ತಿದ ಬಾಲ ಮಾತ್ರ ಬಿಗಿಯಾಗಿ ಆಡುತ್ತಿದ್ದರೆ ಅದು ಉದ್ವೇಗ. ಮಗು ಅಪ್ಪಿಕೊಂಡಾಗ ನಾಯಿ ಅಲುಗದೆ ನಿಂತಿದ್ದರೆ ಅದನ್ನು ಸಹನೆಯೆಂದು ಮೆಚ್ಚಿ ಫೋಟೊ ತೆಗೆಯುವವರಿದ್ದಾರೆ. ಕಣ್ಣಿನ ಬಿಳಿ ಭಾಗ ಅಂಚಿನಲ್ಲಿ ಕಾಣುವಂತೆ ವಾರೆನೋಟ ಬೀರುತ್ತ, ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ನಿಂತ ನಾಯಿ ಭಯದಲ್ಲಿದೆ ಎಂದೇ ಅರ್ಥ.

ಗುರುಗುಟ್ಟಿದ ನಾಯಿಗೆ ಹೊಡೆಯುವುದು ದೊಡ್ಡ ತಪ್ಪು. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಆದರೆ ಮಗುವಿನ ಮೇಲಿನ ಅದರ ಆತಂಕ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಎಚ್ಚರಿಕೆಯ ದನಿಯಿಲ್ಲದೆಯೇ ಹಲ್ಲು ತಾಗುತ್ತದೆ. ಗುರುಗುಟ್ಟಿದ ಕೂಡಲೇ ಮಗುವನ್ನು ಶಾಂತವಾಗಿ ದೂರ ಒಯ್ದು, ನಾಯಿಯನ್ನು ಕೆರಳಿಸಿದ್ದು ಏನೆಂದು ಹುಡುಕುವುದು ಸರಿಯಾದ ಕ್ರಮ.

ವಯಸ್ಸು ಬದಲಾದಂತೆ

ಹುಟ್ಟಿದ ಕೆಲ ತಿಂಗಳು ಮಗು ನಾಯಿಯನ್ನು ಕೆಣಕಲಾರದು. ಆದರೂ ಸಾವಿನಲ್ಲಿ ಕೊನೆಗೊಂಡ ಪ್ರಕರಣಗಳಲ್ಲಿ ಹಸುಗೂಸುಗಳ ಪಾಲು ದೊಡ್ಡದು. ಕೂಸಿನ ಚೀರುದನಿ, ಕೈಕಾಲು ಬಡಿಯುವ ರೀತಿ ಕೆಲವು ನಾಯಿಗಳಲ್ಲಿ ಬೇಟೆಯ ಸ್ವಭಾವವನ್ನು ಕೆರಳಿಸಬಲ್ಲವು. ಕೂಸನ್ನು ಬಾಯಲ್ಲಿ ಕಚ್ಚಿ ಎತ್ತಲು ಹೋಗಿ ಗಾಯಗೊಳಿಸುವುದೂ ಉಂಟು. ತೊಟ್ಟಿಲು, ಜೋಲಿ ಇರುವ ಕೋಣೆಯಲ್ಲಿ ನಾಯಿಯನ್ನು ಕ್ಷಣಹೊತ್ತೂ ಒಂಟಿಯಾಗಿ ಬಿಡಬಾರದು.

ಕನ್ನಡನಾಡಿನ ಅನೇಕ ಮನೆಗಳಲ್ಲಿ ಬಾಣಂತನ ತವರಿನಲ್ಲಿ ನಡೆಯುತ್ತದೆ. ಮೂರನೆಯ ಅಥವಾ ಐದನೆಯ ತಿಂಗಳಿಗೆ ತಾಯಿ ಮಗುವಿನೊಡನೆ ಗಂಡನ ಮನೆಗೆ ಮರಳುತ್ತಾಳೆ. ಆ ಮನೆಯ ನಾಯಿಗೆ ಹೊಸ ವಾಸನೆ, ಹೊಸ ಅಳು, ಬಂದುಹೋಗುವ ನೆಂಟರು, ತನ್ನ ಕಡೆಗೆ ಕಡಿಮೆಯಾದ ಗಮನ ಎಲ್ಲವೂ ಒಂದೇ ದಿನ ಎದುರಾಗುತ್ತವೆ. ಈ ನಡುವಿನ ತಿಂಗಳುಗಳನ್ನು ಸಿದ್ಧತೆಗೆ ಬಳಸಬಹುದು. ನಾಯಿ ಮಲಗುವ ಜಾಗ, ಊಟ ಮತ್ತು ವಾಕಿಂಗ್‌ನ ಹೊತ್ತನ್ನು ಮುಂಚಿತವಾಗಿಯೇ ಬದಲಿಸಿ ರೂಢಿ ಮಾಡಿಸಬೇಕು. ಮಗುವಿನ ಅಳುವನ್ನು ಮೊಬೈಲ್‌ನಲ್ಲಿ ಮೆಲ್ಲನೆ ಕೇಳಿಸಬಹುದು, ಮಗು ಮಲಗಿದ ಬಟ್ಟೆಯೊಂದನ್ನು ತಂದು ದೂರದಿಂದ ಮೂಸಲು ಬಿಡಬಹುದು. ಮೊದಲ ಭೇಟಿಯಲ್ಲಿ ನಾಯಿ ಬೆಲ್ಟಿನಲ್ಲಿರಬೇಕು, ನಾಯಿಗೊಬ್ಬರು ಮಗುವಿಗೊಬ್ಬರು ಹೊಣೆ ಹೊತ್ತಿರಬೇಕು.

ಮಗು ಅಂಬೆಗಾಲಿಡತೊಡಗಿದಾಗ ಅಪಾಯದ ಸ್ವರೂಪವೇ ಬದಲಾಗುತ್ತದೆ. ಅದುವರೆಗೆ ಒಂದೆಡೆ ಮಲಗಿದ್ದ ಕೂಸು ಈಗ ನಾಯಿಯ ತಟ್ಟೆ, ಹಾಸಿಗೆ, ಅಡಗುತಾಣದವರೆಗೂ ಬರುತ್ತದೆ. ನಿಲ್ಲಲು ಆಸರೆಗಾಗಿ ನಾಯಿಯ ಕೂದಲನ್ನೇ ಹಿಡಿಯುತ್ತದೆ. ಆರು ತಿಂಗಳು ಹೊಂದಿಕೊಂಡಿದ್ದ ನಾಯಿಯೂ ಈ ಹಂತದಲ್ಲಿ ಬೇಸರಗೊಳ್ಳಬಹುದು. ಆಗತಾನೇ ನಡೆಯಲು ಕಲಿತ ಮಗು ಬಿಸ್ಕತ್ತು, ರೊಟ್ಟಿಚೂರು ಹಿಡಿದು ಓಡಾಡುತ್ತದೆ. ನಾಯಿ ಅದನ್ನು ಕಸಿದುಕೊಳ್ಳುವಾಗ ಬೆರಳಿಗೆ ಗಾಯವಾಗುತ್ತದೆ. ದೊಡ್ಡ ತಳಿಯ ನಾಯಿ ಆಟದ ಭರದಲ್ಲಿ ಹಾರಿದರೂ ಸಾಕು, ಮಗು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತದೆ. ಐದಾರು ವರ್ಷದ ಮೇಲಿನ ಮಕ್ಕಳಿಗೆ ನಿಯಮ ಹೇಳಿಕೊಡಬಹುದು. ಆದರೆ ಓಟ, ಕೂಗಾಟ, ಕುಸ್ತಿಯಾಟದ ನಡುವೆ ಅವರಿಗೆ ನಿಯಮ ಮರೆತುಹೋಗುವುದು ಸಹಜ.

ತಳಿಯೊಂದೇ ಉತ್ತರವಲ್ಲ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ನಾಯಿಗಳ ಮಾರಾಟ ಮತ್ತು ಸಾಕಣೆಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ತಳಿಯ ಪ್ರಶ್ನೆಗೆ ಎರಡು ಮುಖಗಳಿವೆ. ದೊಡ್ಡ ಮೈಕಟ್ಟಿನ, ಬಲವಾದ ದವಡೆಯ ನಾಯಿ ಕಚ್ಚಿದರೆ ಗಾಯ ಭೀಕರವಾಗಿರುತ್ತದೆ ಎಂಬುದು ನಿಜ. ಓಡುವುದನ್ನು ಕಂಡರೆ ಬೆನ್ನಟ್ಟುವ ಗುಣ ಮುಧೋಳದಂಥ ಬೇಟೆ ತಳಿಗಳ ರಕ್ತದಲ್ಲೇ ಇದೆ ಎಂಬುದೂ ನಿಜ. ಆದರೆ ಸಾಧು ಎಂದು ಹೆಸರಾದ ಲ್ಯಾಬ್ರಡಾರ್, ಮಡಿಲಲ್ಲಿ ಕೂರುವ ಪೊಮೆರೇನಿಯನ್, ಊರಿನ ನಾಟಿ ನಾಯಿ ಎಲ್ಲವೂ ಮಕ್ಕಳನ್ನು ಕಚ್ಚಿವೆ. ಒಂದು ನಾಯಿ ಹೇಗೆ ವರ್ತಿಸುತ್ತದೆ ಎಂಬುದನ್ನು ಅದರ ತಳಿಯ ಜೊತೆಗೆ ಅದು ಬೆಳೆದ ಬಗೆ, ಎಳೆಯ ವಯಸ್ಸಿನಲ್ಲಿ ಕಂಡ ಜನ, ಆರೋಗ್ಯ, ತಿಂದ ಹೊಡೆತ, ಆ ಕ್ಷಣದ ಸನ್ನಿವೇಶ ಎಲ್ಲ ಸೇರಿ ನಿರ್ಧರಿಸುತ್ತವೆ. ಅಪಾಯಕಾರಿ ತಳಿಗಳ ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಯಾವ ನಾಯಿಯನ್ನೂ ಮಗುವಿನೊಡನೆ ಒಂಟಿಯಾಗಿ ಬಿಡುವಂತಿಲ್ಲ.

ಕಚ್ಚದೆಯೂ ತಗಲುವ ರೋಗಗಳು

ನಾಯಿಮರಿಗಳ ಹೊಟ್ಟೆಯಲ್ಲಿ ಬಹುತೇಕ ಜಂತುಹುಳು ಇರುತ್ತದೆ. ಟಾಕ್ಸೊಕಾರ ಎಂಬ ಈ ಹುಳು ತಾಯಿಯ ಗರ್ಭದಲ್ಲೇ ಮರಿಗೆ ದಾಟುತ್ತದೆ, ಹಾಲಿನ ಮೂಲಕವೂ ಸೇರುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಎರಡರಿಂದ ನಾಲ್ಕು ವಾರ ಮಣ್ಣಿನಲ್ಲಿ ಮಾಗಿದ ಮೇಲೆ ಸೋಂಕು ಹರಡುವ ಶಕ್ತಿ ಪಡೆಯುತ್ತವೆ. ಮಣ್ಣಾಟವಾಡಿ ಕೈಬೆರಳು ಬಾಯಿಗಿಡುವ ಮಗುವಿನ ಹೊಟ್ಟೆಗೆ ಅವು ಹೋದರೆ ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತವೆ; ಅಪರೂಪಕ್ಕೆ ಕಣ್ಣಿಗೆ ಸೇರಿ ದೃಷ್ಟಿಯನ್ನೇ ಕೆಡಿಸುತ್ತವೆ. ಮಲವನ್ನು ಅಂದಂದೇ ತೆಗೆದುಹಾಕಿದರೆ ಈ ಸರಪಳಿ ತುಂಡಾಗುತ್ತದೆ. ಮರಿಗೆ ಎರಡು ವಾರ ತುಂಬಿದಾಗಿನಿಂದಲೇ ಪಶುವೈದ್ಯರು ಹೇಳಿದಂತೆ ಜಂತುಹುಳುವಿನ ಔಷಧಿ ಕೊಡಬೇಕು.

ನಾಯಿಯ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ನುಗ್ಗಿ ತುರಿಕೆಯ ಕೆಂಪು ಗೆರೆಗಳನ್ನು ಮೂಡಿಸುತ್ತವೆ. ಕುರಿ, ಮೇಕೆಯ ಹಸಿ ಒಳಾಂಗಗಳನ್ನು ತಿಂದ ನಾಯಿಯಿಂದ ಹರಡುವ ಲಾಡಿಹುಳು ಮನುಷ್ಯರ ಯಕೃತ್ತಿನಲ್ಲಿ ನೀರುಗಂಟು ಕಟ್ಟಬಲ್ಲದು. ಹುಳುಕಡ್ಡಿ, ಕಜ್ಜಿ ಮುಟ್ಟಿದರೆ ಹರಡುತ್ತವೆ. ಮೈಮೇಲಿನ ಉಣ್ಣೆಗಳು ಮಗುವಿಗೂ ಹತ್ತಿಕೊಳ್ಳುತ್ತವೆ. ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದ ಕೆಲವು ಮಕ್ಕಳ ಉಬ್ಬಸ ಕೆರಳುತ್ತದೆ. ಕೈ ತೊಳೆಸುವುದು, ಮಗುವಿನ ಮುಖ ನೆಕ್ಕಲು ಬಿಡದಿರುವುದು, ನಾಯಿಯ ತಟ್ಟೆ ಮತ್ತು ಹಾಸಿಗೆಯನ್ನು ಮಗುವಿನಿಂದ ದೂರವಿಡುವುದು ಇವೆಲ್ಲಕ್ಕೂ ಸರಳ ತಡೆ.

ರೇಬಿಸ್: ತಡ ಮಾಡುವಂತಿಲ್ಲ

ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುಳಿಯುವುದು ಹೆಚ್ಚೂಕಡಿಮೆ ಅಸಾಧ್ಯ. ಮನುಷ್ಯರಿಗೆ ಬರುವ ಈ ರೋಗದಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಹರಡುತ್ತದೆ. ಮಗುವಿನ ತಲೆ, ಮುಖ, ಕತ್ತಿಗೆ ಕಚ್ಚಿದ್ದರೆ ವೈರಸ್ ಮಿದುಳು ತಲುಪುವ ದಾರಿ ಕಿರಿದು, ಹಾಗಾಗಿ ಸಿಗುವ ಸಮಯವೂ ಕಡಿಮೆ. ಮರಿನಾಯಿ ಕಚ್ಚಿದರೆ ಏನೂ ಆಗದು, ಮನೆಯ ನಾಯಿಗೆ ಲಸಿಕೆ ಹಾಕಿಸಿದ್ದರೆ ವೈದ್ಯರ ಬಳಿ ಹೋಗುವುದೇ ಬೇಡ ಎಂಬ ಎರಡು ನಂಬಿಕೆಗಳೂ ಅಪಾಯಕಾರಿ.

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ಬಿಡದೆ ತೊಳೆಯಬೇಕು. ಮಗು ಅತ್ತರೂ ಈ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬಾರದು, ಏಕೆಂದರೆ ವೈರಸ್‌ನ ಬಹುಪಾಲು ಇಲ್ಲೇ ತೊಳೆದುಹೋಗುತ್ತದೆ. ಖಾರದಪುಡಿ, ಅರಿಸಿನ, ಸುಣ್ಣ, ಕಾಫಿಪುಡಿ, ನಾಟಿ ಔಷಧಿ ಹಚ್ಚಬಾರದು, ಬಿಗಿಯಾಗಿ ಕಟ್ಟಬಾರದು. ಆಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಸ್ಪತ್ರೆಗೆ ಅಂದೇ ಹೋಗಬೇಕು.

ವೈದ್ಯರು ಸಂಪರ್ಕವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ತೊಳೆದರೆ ಸಾಕು. ರಕ್ತ ಬಾರದ ತರಚು ಗಾಯಕ್ಕೆ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ತೆರೆದ ಗಾಯಕ್ಕೆ ಅಥವಾ ಬಾಯಿ, ಕಣ್ಣಿನ ಒಳಪೊರೆಗೆ ನಾಯಿಯ ಜೊಲ್ಲು ತಗಲಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಲಸಿಕೆ ಮೈಯಲ್ಲಿ ರಕ್ಷಣೆ ಹುಟ್ಟಿಸಲು ದಿನಗಳು ಬೇಕು. ಅಲ್ಲಿಯವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಈ ಪ್ರತಿಕಾಯ. ಸ್ನಾಯುವಿಗೆ ಕೊಡುವ ಲಸಿಕೆಯನ್ನು 0, 3, 7, 14, 28ನೇ ದಿನಗಳಂದು, ಚರ್ಮದೊಳಗೆ ಕೊಡುವುದನ್ನು 0, 3, 7, 28ನೇ ದಿನಗಳಂದು ಹಾಕುತ್ತಾರೆ. ಮೊದಲ ಚುಚ್ಚುಮದ್ದಿನ ದಿನವೇ ‘0’. ಮಗುವಿಗೂ ದೊಡ್ಡವರಿಗೂ ಲಸಿಕೆಯ ಪ್ರಮಾಣ ಒಂದೇ. ಇಮ್ಯುನೊಗ್ಲಾಬ್ಯುಲಿನ್ ಮಾತ್ರ ದೇಹದ ತೂಕಕ್ಕೆ ತಕ್ಕಂತೆ. ಹೊಟ್ಟೆಯ ಸುತ್ತ 14 ಚುಚ್ಚುಮದ್ದು ಎಂಬ ಭಯ ಇನ್ನೂ ಹಳ್ಳಿಗಳಲ್ಲಿ ಉಳಿದಿದೆ. ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಆ ಹಳೆಯ ಲಸಿಕೆಯ ಬಳಕೆ ಭಾರತದಲ್ಲಿ ನಿಂತು ವರ್ಷಗಳೇ ಆದವು. ಈಗಿನದನ್ನು ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ ಹಾಕುತ್ತಾರೆ.

ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ಅಷ್ಟೂ ದಿನ ಅದು ಆರೋಗ್ಯವಾಗಿದ್ದರೆ ಮುಂದಿನ ಚಿಕಿತ್ಸೆಯನ್ನು ಹೇಗೆ ಬದಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ಆ ಹತ್ತು ದಿನ ಕಳೆಯಲೆಂದು ಮೊದಲ ಚುಚ್ಚುಮದ್ದನ್ನೇ ಮುಂದೂಡಬಾರದು. ಧನುರ್ವಾಯು ಲಸಿಕೆ ಮತ್ತು ಸೋಂಕು ತಡೆಯುವ ಔಷಧಿಯ ಅಗತ್ಯವನ್ನೂ ಅವರೇ ತೀರ್ಮಾನಿಸುತ್ತಾರೆ. ಮಗು ಪೆಟ್ಟು ತಿನ್ನುವ ಭಯದಿಂದ ಸಣ್ಣ ಕಡಿತವನ್ನು ಮುಚ್ಚಿಡುವುದುಂಟು. ನಾಯಿ ಪರಚಿದರೂ ಹೇಳಬೇಕು, ಹೇಳಿದರೆ ಯಾರೂ ಬಯ್ಯುವುದಿಲ್ಲ ಎಂಬ ಧೈರ್ಯವನ್ನು ಮಗುವಿಗೆ ಮೊದಲೇ ತುಂಬಬೇಕು.

ಮನೆಯಲ್ಲಿ ಮಾಡಬೇಕಾದ ವ್ಯವಸ್ಥೆ

ಮೊದಲ ನಿಯಮ: ಶಾಲೆಗೆ ಸೇರದ ವಯಸ್ಸಿನ ಮಗು ಮತ್ತು ನಾಯಿ ಒಂದೇ ಜಾಗದಲ್ಲಿ ಇದ್ದರೆ, ಎದ್ದು ಒಂದು ಹೆಜ್ಜೆಯಲ್ಲಿ ಮಗುವನ್ನು ತಲುಪಬಲ್ಲ ದೊಡ್ಡವರೊಬ್ಬರು ಅಲ್ಲಿರಬೇಕು. ಪಕ್ಕದ ಅಡುಗೆಮನೆಯಿಂದ ಕಿವಿಗೊಡುವುದು, ಮೊಬೈಲ್ ನೋಡುತ್ತ ಕೂರುವುದು ಕಣ್ಗಾವಲು ಅನಿಸಿಕೊಳ್ಳುವುದಿಲ್ಲ. ಕಡಿತ ಒಂದೆರಡು ಸೆಕೆಂಡಿನ ಕೆಲಸ. ಅಷ್ಟು ಗಮನ ಕೊಡಲಾಗದ ಹೊತ್ತಿನಲ್ಲಿ ಇಬ್ಬರನ್ನೂ ಬೇರೆಬೇರೆ ಇಡಬೇಕು. ಬಾಗಿಲಿಗೆ ಅಡ್ಡಗೇಟು, ಮುಚ್ಚಿದ ಕೋಣೆ, ಅಂಗಳದಲ್ಲಿ ಬೇಲಿ ಹಾಕಿದ ಜಾಗ ಇದಕ್ಕೆ ಸಾಕು. ಹತ್ತು ವರ್ಷದ ಅಣ್ಣನನ್ನೋ ಅಕ್ಕನನ್ನೋ ಕಾವಲಿಗೆ ಬಿಟ್ಟರೆ ಸಾಲದು.

ಎರಡನೆಯದು, ನಾಯಿಗೆ ಮಗು ತಲುಪಲಾರದ ಒಂದು ತಾಣ. ಅದು ಅಲ್ಲಿ ಮಲಗಿದ್ದರೆ ಯಾರೂ ಕೆಣಕುವಂತಿಲ್ಲ. ಊಟವನ್ನೂ ಅಲ್ಲಿಯೇ ಹಾಕಬೇಕು; ಮನೆಯವರು ಉಣ್ಣುವಾಗ ಸುತ್ತ ಸುಳಿಯಲು ಬಿಡಬಾರದು. ದಿನಕ್ಕೆರಡು ಬಾರಿ ವಾಕಿಂಗ್, ಆಟ, ನಿದ್ದೆ ಸಿಕ್ಕ ನಾಯಿ ಶಾಂತವಾಗಿರುತ್ತದೆ. ಇದ್ದಕ್ಕಿದ್ದಂತೆ ಸಿಡುಕಲು ತೊಡಗಿದ ನಾಯಿಯನ್ನು ಪಶುವೈದ್ಯರಿಗೆ ತೋರಿಸಬೇಕು, ನೋವು ಕಾರಣವಾಗಿರುವ ಸಾಧ್ಯತೆ ಹೆಚ್ಚು. ರೇಬಿಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಬಳಿಕ ಪಶುವೈದ್ಯರ ಸಲಹೆಯಂತೆ ವರ್ಷವರ್ಷವೂ ಮುಂದುವರಿಸಬೇಕು.

ಮೂರನೆಯದು, ಮಗುವಿಗೆ ಕಲಿಸಬೇಕಾದ ಪಾಠ. ತಿನ್ನುವ, ಮಲಗಿದ, ಮರಿಗಳೊಡನಿರುವ, ಕಟ್ಟಿಹಾಕಿದ ನಾಯಿಯ ಹತ್ತಿರ ಹೋಗಬಾರದು. ನಾಯಿಯನ್ನು ತನ್ನ ಬಳಿಗೆ ಕರೆಯಬೇಕು, ತಾನಾಗಿ ಅದರ ಮೇಲೆ ಎರಗಬಾರದು. ಬಂದರೆ ಎದೆ ಅಥವಾ ಭುಜದ ಬಳಿ ಮೃದುವಾಗಿ ಸವರಿ ಕೈ ತೆಗೆಯಬೇಕು. ಮುಖಕ್ಕೆ ಮುಖ ತಾಗಿಸಬಾರದು. ನಾಯಿ ಎದ್ದು ಹೋದರೆ ಹಿಂಬಾಲಿಸಬಾರದು. ಹಾರಿ ಬರುವ ನಾಯಿಯ ಮುಂದೆ ಓಡದೆ, ಕೂಗದೆ, ಕೈಕಟ್ಟಿ ಮರದಂತೆ ನಿಲ್ಲಬೇಕು. ಕೆಡವಿದರೆ ಮುದುಡಿ ಮಲಗಿ ಕೈಗಳಿಂದ ಕತ್ತು ಮತ್ತು ಕಿವಿ ಮುಚ್ಚಿಕೊಳ್ಳಬೇಕು. ಮಕ್ಕಳು ಇದನ್ನು ಆಟದಂತೆ ಅಭ್ಯಾಸ ಮಾಡಿದರೆ ನೆನಪಿನಲ್ಲಿ ಉಳಿಯುತ್ತದೆ. ರಜೆಗೆ ಬರುವ ನೆಂಟರ ಮಕ್ಕಳಿಗೂ ಬಂದ ದಿನವೇ ಇದನ್ನು ಹೇಳಬೇಕು. ಅವರು ಇರುವಷ್ಟು ಹೊತ್ತು ನಾಯಿಯನ್ನು ಬೇರೆಡೆ ಇಡುವುದು ಇನ್ನೂ ಒಳ್ಳೆಯದು.

ಸಾಕುವ ಮುನ್ನ, ಸಾಕಿದ ಮೇಲೆ

ನಾಯಿಯೊಡನೆ ಬೆಳೆಯುವುದರಿಂದ ಮಕ್ಕಳಿಗೆ ಲಾಭವೂ ಇದೆ. ಫಿನ್ಲೆಂಡಿನಲ್ಲಿ 397 ಮಕ್ಕಳನ್ನು ಹುಟ್ಟಿನಿಂದ ಒಂದು ವರ್ಷದವರೆಗೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಇರುವ ಮನೆಗಳ ಮಕ್ಕಳಿಗೆ ಉಸಿರಾಟದ ಸೋಂಕು ಮತ್ತು ಕಿವಿಸೋರು ಕಡಿಮೆ ಇದ್ದುದು ಕಂಡುಬಂತು. ಇನ್ನೊಂದು ಜೀವದ ಹಸಿವು, ನೋವು, ಬೇಸರವನ್ನು ಅರಿಯುವ ಸಂಸ್ಕಾರವೂ ನಾಯಿಯ ಒಡನಾಟದಿಂದ ಬರುತ್ತದೆ. ಆದರೆ ಹಸುಗೂಸಿನ ಆರೈಕೆಯಲ್ಲೇ ಬಿಡುವಿಲ್ಲದ ಮನೆಗೆ ಅದೇ ಹೊತ್ತಿನಲ್ಲಿ ಮರಿನಾಯಿಯನ್ನೂ ತಂದರೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ. ಮಗು ಮಾತು ಕೇಳುವ ವಯಸ್ಸಿಗೆ ಬರುವವರೆಗೆ ಕಾಯುವುದು ಜಾಣತನ.

ಮನೆಯಲ್ಲಿರುವ ನಾಯಿ ಮಗುವನ್ನು ಕಂಡು ಪದೇಪದೇ ಸೆಟೆದು ನಿಂತರೆ, ಗುರುಗುಟ್ಟಿದರೆ, ಒಮ್ಮೆಯಾದರೂ ಬಾಯಿ ಹಾಕಿದರೆ ಕಾದು ನೋಡಬಾರದು. ಪಶುವೈದ್ಯರನ್ನೂ ನಾಯಿಯ ವರ್ತನೆ ಬಲ್ಲ ತಜ್ಞರನ್ನೂ ಕಾಣುವವರೆಗೆ ಇಬ್ಬರನ್ನೂ ಪೂರ್ತಿ ಬೇರೆ ಇಡಬೇಕು. ಪರಿಹಾರ ಸಿಗದಿದ್ದರೆ ಮಕ್ಕಳಿಲ್ಲದ, ನಾಯಿಯನ್ನು ಅರಿತ ಮನೆಗೆ, ಅದರ ಸ್ವಭಾವವನ್ನು ಮುಚ್ಚಿಡದೆ ಹೇಳಿ ಒಪ್ಪಿಸುವುದು ಸರಿಯಾದ ದಾರಿ. ಬೀದಿಗೆ ಬಿಟ್ಟರೆ ಆ ನಾಯಿಗೂ ಕ್ರೌರ್ಯ, ಬೀದಿಯ ಮಕ್ಕಳಿಗೂ ಅಪಾಯ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನೆರೆಮನೆಯ ಮಗುವಿನ ಬಗ್ಗೆ ಕಾನೂನು ಬಯಸುವ ಈ ಎಚ್ಚರ ಸ್ವಂತ ಮನೆಯ ಮಗುವಿಗೆ ಅದಕ್ಕಿಂತ ಹೆಚ್ಚಾಗಿ ಸಲ್ಲಬೇಕು.